ನೀವು ಇವರಿಗೆ ಏನಾಗಬೇಕು?

ಇವತ್ತು ರಾಜಕೀಯ ಬೇಡ. ನಾಳೆ ಹೇಗೂ ಇದ್ದೇ ಇರುತ್ತೆ. ಇವತ್ತು ಒಂದು ಫೋನ್ ಕಾಲ್ ಬಗ್ಗೆ ಹೇಳ್ತೀನಿ.

2019. ರಾತ್ರಿ ಒಂದೂವರೆ. ಗೊತ್ತಿಲ್ಲದ ನಂಬರ್. "ಅಣ್ಣಾ, ನಾನು ನಿಮ್ಮ ದೋಸ್ತನ ರೂಮ್‌ಮೇಟ್ ಮಾತಾಡಾಕತ್ತೀನಿ. ಇವ ನಾಕು ದಿನದಿಂದ ಮಲಗಿಲ್ರಿ. ರೂಮಿನಾಗ ಯಾರೋ ಮೈಕ್ ಇಟ್ಟಾರ ಅಂತಾನ. ಲ್ಯಾಪ್‌ಟಾಪ್ ಬಾತ್‌ರೂಮಿನಾಗ ಇಟ್ಟು ಬಾಗ್ಲಾ ಹಾಕ್ಯಾನ. ನೀವು ಟೀವಿಯಾಗ ಇದ್ದೀರಿ, ನಿಮಗ ಎಲ್ಲಾ ಗೊತ್ತಿರ್ತದ. ಎಲ್ಲಿಗೆ ಕರ್ಕೊಂಡು ಹೋಗ್ಲಿ, ಹೇಳ್ರಿ."

ಕಲಬುರಗಿ ಕಡೆಯ ಹುಡುಗ. ಎಲೆಕ್ಟ್ರಾನಿಕ್ ಸಿಟಿಯ ಒಂದು ಪಿಜಿ. ನನ್ನ ಗೆಳೆಯ ಮತ್ತು ನಾನು ಇಂಜಿನಿಯರಿಂಗ್‌ನಲ್ಲಿ ನಾಲ್ಕು ವರ್ಷ ಒಂದೇ ಬೆಂಚು. ಅವನು ಕ್ಯಾಂಪಸ್ ಸೆಲೆಕ್ಷನ್ ಆಗಿ ಆ ಕಡೆ ಹೋದ, ನಾನು ದಾರಿ ತಪ್ಪಿ ಸ್ಟುಡಿಯೋ ಕಡೆ ಬಂದೆ. ಅವನ ಹೆಸರು, ಊರು ಹೇಳಲ್ಲ. ಆದರೆ ಇದನ್ನೆಲ್ಲ ಅವನ ಒಪ್ಪಿಗೆ ತಗೊಂಡೇ ಹೇಳ್ತಿದೀನಿ.

ನನಗೆ ಏನೂ ಗೊತ್ತಿರಲಿಲ್ಲ, ವೀಕ್ಷಕರೇ. ಎದೆನೋವು ಅಂದಿದ್ರೆ ಜಯದೇವ ಅಂತ ನಿದ್ದೆಗಣ್ಣಲ್ಲೂ ಹೇಳ್ತಿದ್ದೆ. ಆಕ್ಸಿಡೆಂಟ್ ಅಂದಿದ್ರೆ 108 ಅಂತಿದ್ದೆ. ಮನಸ್ಸು ಕೆಟ್ಟಿದೆ ಅಂದಾಗ ನನ್ನ ಹತ್ತಿರ ವಿಳಾಸವೇ ಇರಲಿಲ್ಲ. "ಬರ್ತೀನಿ ಇರು" ಅಂದೆ, ಅಷ್ಟೇ.

ನಾನು ಹೋಗೋ ಹೊತ್ತಿಗೆ ಪಿಜಿ ಮಾಲೀಕರು ಲುಂಗಿ ಕಟ್ಟಿಕೊಂಡು ಮೆಟ್ಟಿಲ ಮೇಲೆ ನಿಂತಿದ್ರು. "ಈ ರಾತ್ರೀನೇ ಖಾಲಿ ಮಾಡಿಸಿ, ಬೇರೆ ಹುಡುಗರು ಹೆದರ್ತಿದಾರೆ" ಅಂದ್ರು. ಅವರನ್ನ ಬೈಯೋಕೆ ನನಗೆ ಮನಸ್ಸಿಲ್ಲ. ಅವರೂ ಹೆದರಿದ್ರು. ಹತ್ತಿರದ ಒಂದು ದೊಡ್ಡ ಖಾಸಗಿ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ಬಿಪಿ ನೋಡಿದ್ರು, ಶುಗರ್ ನೋಡಿದ್ರು, ಇಸಿಜಿ ಮಾಡಿದ್ರು. "ಎಲ್ಲಾ ನಾರ್ಮಲ್. ಮನೋವೈದ್ಯರು ನಾಳೆ ಹತ್ತು ಗಂಟೆಗೆ ಬರ್ತಾರೆ" ಅಂತ ಬಿಲ್ ಕೈಗೆ ಕೊಟ್ರು. ಹೊರಗೆ ಬಂದು ನಿಂತ್ವಿ. ಮೂರು ಜನ ಪದವೀಧರರು, ಒಬ್ಬನಿಗೂ ದಾರಿ ಗೊತ್ತಿಲ್ಲ.

ದಾರಿ ಹೇಳಿದ್ದು ಕ್ಯಾಬ್ ಡ್ರೈವರ್. ಐವತ್ತರ ಆಸುಪಾಸಿನ ಮನುಷ್ಯ. "ಸಾರ್, ನಿಮ್ಹಾನ್ಸ್‌ಗೆ ಹೋಗೋಣ. ಅಲ್ಲಿ ರಾತ್ರಿನೂ ನೋಡ್ತಾರೆ. ನಮ್ಮ ತಂಗೀನ ಕರ್ಕೊಂಡು ಹೋಗಿದ್ದೆ." ಎಲಿವೇಟೆಡ್ ರಸ್ತೆ ಹತ್ತಿ, ಸಿಲ್ಕ್ ಬೋರ್ಡ್ ಇಳಿದು, ಮಡಿವಾಳ ದಾಟಿ, ಡೈರಿ ಸರ್ಕಲ್. ಹಗಲಲ್ಲಿ ಆ ದಾರಿಗೆ ಎಷ್ಟು ಹೊತ್ತು ಬೇಕು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆ ಹೊತ್ತಲ್ಲಿ ಅರ್ಧ ಗಂಟೆಯೂ ಹಿಡಿಯಲಿಲ್ಲ. ಹೊಸೂರು ರಸ್ತೆಯಲ್ಲಿ ಸಾವಿರಾರು ಐಟಿ ಬಸ್ಸುಗಳು ದಿನಾ ಆ ಗೇಟಿನ ಮುಂದೆಯೇ ಓಡಾಡುತ್ತವೆ. ನಾವೂ ಓಡಾಡಿದ್ದೆವು. ಒಳಗೆ ಇಪ್ಪತ್ತನಾಲ್ಕು ಗಂಟೆ ತುರ್ತು ವಿಭಾಗ ಇದೆ ಅನ್ನೋದು ಮಾತ್ರ ತಿಳಿದಿರಲಿಲ್ಲ.

ಯಾಕೆ ತಿಳಿದಿರಲಿಲ್ಲ? ನಿಮ್ಹಾನ್ಸ್ ಅನ್ನೋದು ನಮಗೆ ಆಸ್ಪತ್ರೆಯ ಹೆಸರಲ್ಲ, ಬೈಗುಳ. "ಇವನನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು ಕಣೋ." ಕಾಲೇಜಿನಲ್ಲಿ ನಾನೇ ನೂರು ಸಲ ಹೇಳಿದ್ದೀನಿ. ಬಹುಶಃ ಈ ಗೆಳೆಯನಿಗೂ ಹೇಳಿರ್ತೀನಿ.

ಅಲ್ಲಿ ಡ್ಯೂಟಿಯಲ್ಲಿದ್ದ ಯುವ ವೈದ್ಯೆ ಸಮಾಧಾನದಿಂದ ಎಲ್ಲ ಕೇಳಿಸಿಕೊಂಡು, ಕಲಬುರಗಿ ಹುಡುಗನ ಕಡೆ ತಿರುಗಿ ಕೇಳಿದ್ರು: "ನೀವು ಇವರಿಗೆ ಏನಾಗಬೇಕು?"

ಅವನು ತಡಬಡಾಯಿಸಿದ. "ರೂಮ್‌ಮೇಟ್ ರೀ" ಅಂದ, ತಪ್ಪು ಒಪ್ಪಿಕೊಂಡವನ ಹಾಗೆ.

ಇವತ್ತು ನಾನು ಮಾತಾಡಬೇಕು ಅಂದುಕೊಂಡಿದ್ದು ಈ ಪ್ರಶ್ನೆಯ ಬಗ್ಗೆಯೇ. ಯಾರ ಮನಸ್ಸಾದರೂ ಕದಡಿದರೆ ಮನೆಯವರು ನೋಡಿಕೊಳ್ತಾರೆ ಅನ್ನೋ ಲೆಕ್ಕದ ಮೇಲೆ ನಮ್ಮ ಸಮಾಜ ನಡೀತಿದೆ. ಆದರೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ವೈಟ್‌ಫೀಲ್ಡ್‌ನಲ್ಲಿ, ಪೀಣ್ಯದಲ್ಲಿ ಮನೆಯವರು ಎಲ್ಲಿದ್ದಾರೆ? ರಾಯಚೂರಲ್ಲಿದ್ದಾರೆ, ಶಿರಸಿಯಲ್ಲಿದ್ದಾರೆ, ಒಡಿಶಾದಲ್ಲಿ, ಬಿಹಾರದಲ್ಲಿ ಇದ್ದಾರೆ. ಮಧ್ಯರಾತ್ರಿ ಪಕ್ಕದಲ್ಲಿ ಇರೋದು ರೂಮ್‌ಮೇಟ್, ಪಿಜಿ ಮಾಲೀಕ, ಗೇಟಿನ ಸೆಕ್ಯುರಿಟಿ, ಶಿಫ್ಟಿನ ಸೂಪರ್‌ವೈಸರ್. ಅವರಿಗೆ ದಾರಿ ಗೊತ್ತಿಲ್ಲದಿದ್ರೆ ಆ ರಾತ್ರಿ ಯಾರಿಗೂ ಗೊತ್ತಿಲ್ಲ ಅಂತಲೇ ಅರ್ಥ.

ಇನ್ನೊಂದು ವಿಚಿತ್ರ ಹೇಳ್ತೀನಿ. ಕಿಯೋನಿಕ್ಸ್‌ನ ಆರ್.ಕೆ. ಬಾಳಿಗಾ ಅವರು ಎಲೆಕ್ಟ್ರಾನಿಕ್ ಸಿಟಿಯ ಕನಸು ಕಟ್ಟಿದ್ದು 1970ರ ದಶಕದ ಕೊನೆಯಲ್ಲಿ. ಅದಕ್ಕೂ ಸ್ವಲ್ಪ ಮುಂಚೆಯೇ ಅಲ್ಲಿಂದ ಹೆಚ್ಚು ದೂರವಿಲ್ಲದ ಸಕಲವಾರದಲ್ಲಿ, ಬನ್ನೇರುಘಟ್ಟ ರಸ್ತೆಯ ಆಚೆ, ನಿಮ್ಹಾನ್ಸ್‌ನ ಸಮುದಾಯ ಮನೋವೈದ್ಯ ವಿಭಾಗದವರು ಹಳ್ಳಿ ಕೇಂದ್ರ ಶುರು ಮಾಡಿದ್ದರು. ರೋಗಿ ಪಟ್ಟಣಕ್ಕೆ ಬರೋವರೆಗೂ ಕಾಯೋದು ಬೇಡ, ಹಳ್ಳಿಯ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ಗುರುತಿಸೋದು ಕಲಿಸೋಣ, ಔಷಧಿ ಅಲ್ಲೇ ಸಿಗಲಿ ಅನ್ನೋದು ಅವರ ಯೋಚನೆ. ಅಲ್ಲಿ ಕಲಿತದ್ದು 1980ರ ದಶಕದಲ್ಲಿ ಬಳ್ಳಾರಿಗೆ ಹೋಯ್ತು, ಇಡೀ ಜಿಲ್ಲೆಗೆ. ಆ ಬಳ್ಳಾರಿ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆಯ್ತು. ಅಂದ್ರೆ ಆನೇಕಲ್ ತಾಲ್ಲೂಕಿನ ಹಳ್ಳಿಯಲ್ಲಿ ಹುಟ್ಟಿದ ಪಾಠ ದೇಶವೆಲ್ಲ ಸುತ್ತಿತು. ಅದೇ ತಾಲ್ಲೂಕಿನ ಗಾಜಿನ ಕಟ್ಟಡಗಳ ಒಳಗೆ ಮಾತ್ರ ಇನ್ನೂ ಬಂದಿಲ್ಲ.

ಈಗ 2019ಕ್ಕಿಂತ ಪರಿಸ್ಥಿತಿ ಮೇಲು. ಪೆನ್ ಇದ್ರೆ ಬರ್ಕೊಳ್ಳಿ: 14416. ಟೆಲಿ ಮಾನಸ್. ಕೇಂದ್ರ ಸರ್ಕಾರದ ಸಹಾಯವಾಣಿ, 2022ರ ಅಕ್ಟೋಬರ್ 10ರಿಂದ ಇದೆ. ಉಚಿತ, ಹಗಲು ರಾತ್ರಿ. ಕನ್ನಡದಲ್ಲಿ ಮಾತಾಡಬಹುದು. ಪೀಣ್ಯದ ಲೇತ್ ಮುಂದೆ ನಿಂತಿರೋ ಒಡಿಶಾದ ಹುಡುಗ ಅವನ ಭಾಷೆಯಲ್ಲೇ ಮಾತಾಡಬಹುದು. ಮೊದಲು ಕೌನ್ಸಿಲರ್ ಕೇಳಿಸ್ಕೊಳ್ತಾರೆ, ಬೇಕಾದ್ರೆ ತಜ್ಞರಿಗೆ ದಾಟಿಸ್ತಾರೆ. ಇದರ ತಲೆಮನೆ ನಿಮ್ಹಾನ್ಸ್. ತಾಂತ್ರಿಕ ಬೆಂಬಲ ಯಾರದು ಗೊತ್ತಾ? ಟ್ರಿಪಲ್ ಐಟಿ ಬೆಂಗಳೂರು. ಅದು ಇರೋದು ಎಲೆಕ್ಟ್ರಾನಿಕ್ ಸಿಟಿಯಲ್ಲೇ.

ರೋಗಿಯೇ ಫೋನ್ ಮಾಡಬೇಕು ಅಂತಿಲ್ಲ. "ನನ್ನ ರೂಮ್‌ಮೇಟ್ ಹೀಗಾಡ್ತಿದಾನೆ, ನಾನೇನು ಮಾಡ್ಲಿ" ಅಂತ ನೀವೇ ಕೇಳಬಹುದು. ಆದರೆ ಇದು ಆಂಬ್ಯುಲೆನ್ಸ್ ಅಲ್ಲ, ನೆನಪಿರಲಿ. ಈಗಲೇ ಜೀವಕ್ಕೆ ಅಪಾಯ ಇದೆ ಅನ್ನಿಸಿದ್ರೆ 108 ಅಥವಾ 112.

ವೈಟ್‌ಫೀಲ್ಡ್‌ನವರಿಗೆ, ಪೀಣ್ಯದವರಿಗೆ ನಿಮ್ಹಾನ್ಸ್ ದೂರ ಆಯ್ತಲ್ಲ ಅಂತೀರಾ? ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗ ಇರುತ್ತೆ. ವೈಟ್‌ಫೀಲ್ಡ್‌ನಲ್ಲಿ ವೈದೇಹಿ ಇದೆ, ಪೀಣ್ಯದ ಕಡೆಯವರಿಗೆ ಮತ್ತಿಕೆರೆ ಪಕ್ಕದ ಎಂ.ಎಸ್. ರಾಮಯ್ಯ ಇದೆ, ಕೋರಮಂಗಲದಲ್ಲಿ ಸೇಂಟ್ ಜಾನ್ಸ್ ಇದೆ. ರಾತ್ರಿ ಡ್ಯೂಟಿಯಲ್ಲಿ ಮನೋವೈದ್ಯರು ಇರ್ತಾರಾ ಅಂತ ಇವತ್ತೇ, ತಲೆ ತಣ್ಣಗಿರುವಾಗಲೇ ಒಂದು ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ಅಷ್ಟು ತುರ್ತಲ್ಲ ಅಂದ್ರೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್ ಇದೆ, ವಿಚಾರಿಸಿ ಹೋಗಿ. ಬಿಟಿಎಂ ಲೇಔಟ್‌ನಲ್ಲಿ ನಿಮ್ಹಾನ್ಸ್‌ನದ್ದೇ ಕ್ಷೇಮ ಕೇಂದ್ರ ಇದೆ. ನಿದ್ದೆ ಬರ್ತಿಲ್ಲ, ಆತಂಕ, ಮನೆಯಲ್ಲಿ ಜಗಳ, ಇಂಥದ್ದಕ್ಕೆ ದೊಡ್ಡ ಗೇಟ್ ದಾಟೋಕೆ ಮುಜುಗರ ಪಡೋರಿಗೆ ಅದು ಅನುಕೂಲ.

ಪೀಣ್ಯದ ಕಾರ್ಮಿಕರಿಗೆ ಒಂದು ಮಾತು ಬೇರೆ. ಸಂಬಳ 21,000 ರೂಪಾಯಿ ಒಳಗಿದ್ದು ಇಎಸ್‌ಐ ಕಟ್ ಆಗ್ತಿದ್ರೆ ಆ ಕಾರ್ಡು ಮನಸ್ಸಿನ ಕಾಯಿಲೆಗೂ ನಡೆಯುತ್ತೆ. ಪೀಣ್ಯದಲ್ಲೇ ಇಎಸ್‌ಐ ಆಸ್ಪತ್ರೆ ಇದೆ, ರಾಜಾಜಿನಗರದಲ್ಲಿ ಇಎಸ್‌ಐ ಮೆಡಿಕಲ್ ಕಾಲೇಜೇ ಇದೆ. ಇಎಸ್‌ಐನಲ್ಲಿ ದೀರ್ಘ ಕಾಯಿಲೆಗಳ ಒಂದು ಪಟ್ಟಿ ಇದೆ, ಅದರಲ್ಲಿ ಸೈಕೋಸಿಸ್ ಕೂಡ ಸೇರಿದೆ. ಎರಡು ವರ್ಷ ಸತತ ಕೆಲಸ, ಚಂದಾ ದಿನಗಳು, ಇಂಥ ಷರತ್ತು ಪೂರೈಸಿದವರಿಗೆ ರಜೆಯಲ್ಲಿದ್ದಾಗ ಸಂಬಳದ ಶೇಕಡಾ 80ರಷ್ಟು ಸಿಗುತ್ತೆ. ಕೆಲಸ ಬಿಟ್ಟು ಊರಿಗೆ ಹೋಗಿ ದೇವರ ಮುಂದೆ ಕೂರೋ ಮುಂಚೆ ಈ ಕಾರ್ಡನ್ನೊಮ್ಮೆ ತೆಗೆದು ನೋಡಿ. ದೇವರ ಹತ್ತಿರ ಹೋಗಬೇಡಿ ಅಂತ ನಾನು ಹೇಳ್ತಿಲ್ಲ. ನನ್ನ ಗೆಳೆಯನ ತಾಯಿ ತಾಯತ ಕಟ್ಟಿಸಿದ್ರು, ವೈದ್ಯರು ಅದನ್ನ ಬಿಚ್ಚಿಸಲಿಲ್ಲ. ಮಾತ್ರೆ ಬಿಡಬೇಡಿ ಅಂದ್ರು, ಅಷ್ಟೇ.

ಐಟಿಯವರ ಭಯ ಬೇರೆ. ಎಚ್‌ಆರ್‌ಗೆ ಗೊತ್ತಾದ್ರೆ ಅಪ್ರೈಸಲ್ ಏನಾಗುತ್ತೆ? ಈ ಭಯ ಸುಳ್ಳು ಅಂತ ಹೇಳೋಕೆ ನನಗೆ ಧೈರ್ಯ ಇಲ್ಲ. ಆದರೆ ಕಾನೂನು ನಿಮ್ಮ ಕಡೆ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಚಿಕಿತ್ಸೆಯ ವಿವರ ಗೌಪ್ಯವಾಗಿರಬೇಕು ಅನ್ನೋದು ಅದರಲ್ಲಿ ನಿಮ್ಮ ಹಕ್ಕು. ದೇಹದ ಕಾಯಿಲೆಗೆ ಹೇಗೋ ಹಾಗೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಅಂತ ಅದೇ ಕಾಯ್ದೆ ಹೇಳುತ್ತೆ.

ಇನ್ನು ಪೊಲೀಸರ ಭಯ. "ಆತ್ಮಹತ್ಯೆಗೆ ಪ್ರಯತ್ನಪಟ್ಟ ಅಂತ ಹೇಳಿದ್ರೆ ಕೇಸ್ ಆಗುತ್ತೆ, ಸುಮ್ನಿರು" ಅಂತ ಬಚ್ಚಿಡೋರು ಇವತ್ತಿಗೂ ಇದ್ದಾರೆ. ಇದೇ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಅಂಥವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಅವರಿಗೆ ಆರೈಕೆ ಕೊಡೋದು ಸರ್ಕಾರದ ಕರ್ತವ್ಯ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೇ 309ನೇ ಸೆಕ್ಷನ್ ಇಲ್ಲ. ಆದ್ದರಿಂದ ಆಸ್ಪತ್ರೆಯಲ್ಲಿ ನಿಜ ಹೇಳಿ. ನಿಜ ಹೇಳದಿದ್ರೆ ಡಾಕ್ಟರ್ ಹೊಟ್ಟೆನೋವಿಗೆ ಔಷಧಿ ಕೊಟ್ಟು ಕಳಿಸ್ತಾರೆ.

ಆ ರಾತ್ರಿ ಖಾಸಗಿ ಆಸ್ಪತ್ರೆಯಲ್ಲಿ ನಮಗೆ ಗೊತ್ತಿಲ್ಲದಿದ್ದ ಇನ್ನೊಂದು ವಿಷಯ 94ನೇ ಸೆಕ್ಷನ್. ರೋಗಿಯ ಜೀವಕ್ಕೋ ಬೇರೆಯವರಿಗೋ ಗಂಭೀರ ಅಪಾಯ ಇದ್ದಾಗ ಮನೋವೈದ್ಯರೇ ಆಗಬೇಕಿಲ್ಲ, ನೋಂದಾಯಿತ ವೈದ್ಯರು ಯಾರಾದರೂ ತುರ್ತು ಚಿಕಿತ್ಸೆ ಕೊಡಬಹುದು, 72 ಗಂಟೆಗಳ ಮಿತಿಯೊಳಗೆ. ಮಾನಸಿಕ ಆಸ್ಪತ್ರೆಗೆ ಸಾಗಿಸೋದೂ ಅದರಲ್ಲಿ ಸೇರುತ್ತೆ. "ನಾಳೆ ಹತ್ತು ಗಂಟೆಗೆ ಬನ್ನಿ" ಅನ್ನೋದೊಂದೇ ಉತ್ತರ ಆಗಿರಬೇಕಿಲ್ಲ.

ಕಾರು ಬರೋವರೆಗೆ ಏನು ಮಾಡಬೇಕು? ಕಲಬುರಗಿ ಹುಡುಗ ಮಾಡಿದ್ದನ್ನೇ ಮಾಡಿ. ಒಬ್ಬನನ್ನೇ ಬಿಡಲಿಲ್ಲ. "ಮೈಕ್ ಇಲ್ಲ, ನಿನಗೆ ಹುಚ್ಚು" ಅಂತ ವಾದ ಮಾಡಲಿಲ್ಲ. "ನಿನಗ ಭಾಳ ಹೆದರಿಕಿ ಆಗಾಕತ್ತದ, ನಾ ಇದ್ದೀನಿ" ಅಂದ. ಅಪಾಯ ಮಾಡಿಕೊಳ್ಳುವಂಥ ವಸ್ತುಗಳನ್ನು ಸದ್ದಿಲ್ಲದೆ ದೂರ ಇಟ್ಟ. ನೀರು ಕುಡಿಸಿದ. ಕೊನೆಗೆ ನಾನು ಕೇಳೋಕೆ ಹೆದರಿದ ಪ್ರಶ್ನೆಯನ್ನೂ ಅವನೇ ಕೇಳಿದ: "ಸಾಯಬೇಕು ಅನ್ಸಾಕತ್ತದ ಏನಪಾ?" ಹಾಗೆ ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತೆ ಅಂತ ನಾನು ಅಂದುಕೊಂಡಿದ್ದೆ. ಹಾಗಾಗಲ್ಲ ಅಂತ ವೈದ್ಯೆ ಆಮೇಲೆ ಹೇಳಿದ್ರು. ಕೇಳಿದ್ರೆ ಎಷ್ಟೋ ಜನಕ್ಕೆ ಹಗುರಾಗುತ್ತಂತೆ.

ಆ ವೈದ್ಯೆಯ ಮೊದಲ ಪ್ರಶ್ನೆಗೆ ವಾಪಸ್ ಬರ್ತೀನಿ. ನೀವು ಏನಾಗಬೇಕು? ಕಾಯ್ದೆಯನ್ನ ನಾನು ಓದಿದ್ದು ಎಷ್ಟೋ ದಿನದ ಮೇಲೆ. ಅದರಲ್ಲಿ ಆರೈಕೆದಾರ ಅನ್ನೋ ಪದಕ್ಕೆ ಅರ್ಥ ಬರೆದಿದ್ದಾರೆ: ರೋಗಿಯ ಜೊತೆ ವಾಸವಿದ್ದು ಅವರನ್ನ ನೋಡಿಕೊಳ್ಳುವ ವ್ಯಕ್ತಿ. ಸಂಬಂಧಿಕ ಆಗಬಹುದು, ಬೇರೆ ಯಾರಾದರೂ ಆಗಬಹುದು. ಅಷ್ಟೇ ಅಲ್ಲ, 14ನೇ ಸೆಕ್ಷನ್ ಪ್ರಕಾರ ವಯಸ್ಕರು ಯಾರೇ ಆಗಲಿ, ತಮಗೆ ಕಾಯಿಲೆ ಬಂದಾಗ ತಮ್ಮ ಪರವಾಗಿ ನಿಲ್ಲೋರು ಯಾರು ಅಂತ ಮೊದಲೇ ಹೆಸರಿಸಬಹುದು. ಅದಕ್ಕೆ ಸ್ಟಾಂಪ್ ಪೇಪರ್ ಬೇಡ. ಬಿಳಿ ಹಾಳೆ ಸಾಕು, ಸಹಿ ಅಥವಾ ಹೆಬ್ಬೆಟ್ಟು ಸಾಕು. ಹೆಸರಿಸಿದವರಿಗೆ ಹದಿನೆಂಟು ತುಂಬಿರಬೇಕು, ಅವರು ಒಪ್ಪಿರಬೇಕು. ರಕ್ತಸಂಬಂಧ ಬೇಕಿಲ್ಲ.

ನನ್ನ ಗೆಳೆಯ ಈಗ ಕೆಲಸದಲ್ಲಿದ್ದಾನೆ. ಮಾತ್ರೆ ತಗೋತಾನೆ, ರಾತ್ರಿ ಹನ್ನೊಂದಕ್ಕೆ ಮಲಗ್ತಾನೆ, ನೈಟ್ ಶಿಫ್ಟ್ ಬೇಡ ಅಂತ ಬರೆದುಕೊಟ್ಟಿದ್ದಾನೆ. ಎರಡು ಸಲ ಮತ್ತೆ ಕಷ್ಟ ಆಯ್ತು. ಎರಡೂ ಸಲ ಅವನೇ ಮೊದಲ ದಿನವೇ ಹೇಳಿದ.

ಕಳೆದ ಯುಗಾದಿಗೆ ಅವನು ಆ ಬಿಳಿ ಹಾಳೆ ಬರೆದ. ಊರಲ್ಲಿ ಅವನ ಬ್ಯಾಗಿನಲ್ಲಿ ಅದನ್ನ ನೋಡಿದ ಅಮ್ಮ ಬೇಜಾರು ಮಾಡ್ಕೊಂಡ್ರಂತೆ. "ನಾನು ಹೆತ್ತೋಳು. ಇದರಲ್ಲಿ ನನ್ನ ಹೆಸರು ಯಾಕಿಲ್ಲಪ್ಪ?"

"ಅಮ್ಮ, ನೀನು ಬಸ್ ಹತ್ತಿ ಬರೋಕೆ ಏಳು ಗಂಟೆ ಬೇಕು" ಅಂದನಂತೆ ಇವನು.

ಹಾಳೆಯಲ್ಲಿದ್ದದ್ದು ಕಲಬುರಗಿ ಹುಡುಗನ ಹೆಸರು.