ಉಗಾಂಡ ದೇಶಕ್ಕೆ ಬೇಟೆ ಮರಳಿದ ಬಗೆ

ಪೂರ್ವ ಆಫ್ರಿಕದ ಉಗಾಂಡ ದೇಶದ ರಾಜಧಾನಿಯಾದ ಕಂಪಾಲದ ಹೆಸರಿನಲ್ಲಿ ಒಂದು ಮೃಗವು ಅಡಗಿದೆ. ಆ ನಗರವು ಹಬ್ಬಿರುವ ಗುಡ್ಡಗಳಲ್ಲೊಂದರ ಮೇಲೆ ಹಿಂದೆ ಇಂಪಾಲವೆಂಬ ಹುಲ್ಲೆಗಳು ಮೇಯುತ್ತಿದ್ದುವು. ಬುಗಾಂಡದ ದೊರೆಗಳು ಅಲ್ಲಿ ಬೇಟೆಯಾಡುತ್ತಿದ್ದರು. 1890ರಲ್ಲಿ ಆಂಗ್ಲರ ವರ್ತಕ ಮಂಡಳಿಯ ಪರವಾಗಿ ಬಂದ ಲುಗಾರ್ಡನು ಅದೇ ಗುಡ್ಡದ ಮೇಲೆ ಕೋಟೆ ಹಾಕಿದನು. ಇಂಪಾಲದ ಗುಡ್ಡವೆಂಬ ಹೆಸರು ಊರಿಗೆ ನಿಂತಿತು. ಇಂಪಾಲ ಮಾತ್ರ ನಿಲ್ಲಲಿಲ್ಲ. ಈಗ ಅದನ್ನು ನೋಡಬೇಕೆನ್ನುವವರು ಕಂಪಾಲದಿಂದ ಪಶ್ಚಿಮಾಭಿಮುಖವಾಗಿ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಪ್ರಯಾಣಮಾಡಿ, ಅಂಕೋಲೆ ಸೀಮೆಯಲ್ಲಿರುವ ಎಂಬೂರೋ ಸರೋವರದ ದಡಕ್ಕೆ ಹೋಗಬೇಕು. ನಮ್ಮ ಕಡಲತೀರದ ಅಂಕೋಲೆಗೂ ಈ ಅಂಕೋಲೆಗೂ ಹೆಸರಿನ ಸಾಮ್ಯವೊಂದನ್ನು ಬಿಟ್ಟರೆ ಬೇರೆ ಸಂಬಂಧವಿಲ್ಲ.

ಶ್ರೋತೃಮಹಾಶಯರೇ, ಈ ಸರೋವರದ ಆಸುಪಾಸಿನಲ್ಲಿ 2001ನೆಯ ಇಸವಿಯಲ್ಲಿ ಒಂದು ವಿಚಿತ್ರವಾದ ಪ್ರಯೋಗವು ಮೊದಲಾಯಿತು. 1979ರಿಂದ ದೇಶದಲ್ಲೆಲ್ಲ ನಿಷಿದ್ಧವಾಗಿದ್ದ ವಿನೋದದ ಬೇಟೆಗೆ ಸರ್ಕಾರವೇ ಮತ್ತೆ ಪರವಾನಗಿ ಕೊಟ್ಟಿತು. ಅದೂ ಮೃಗಗಳನ್ನು ಉಳಿಸುವುದಕ್ಕಾಗಿ ಎಂದು ಹೇಳಿ ಕೊಟ್ಟಿತು. ಉಳಿಸುವುದಕ್ಕಾಗಿ ಕೊಲ್ಲುವುದೆಂದರೇನು? ಕೇಳಿದೊಡನೆ ಇದು ಬಾಯಿಮಾತಿನ ಚಮತ್ಕಾರದಂತೆ ತೋರುತ್ತದೆ. ಆದರೆ ಆ ನೆಲದ ಕಥೆಯನ್ನು ಸ್ವಲ್ಪ ತಿಳಿದರೆ, ಇದು ಅಷ್ಟು ಸುಲಭವಾಗಿ ತಳ್ಳಿಹಾಕತಕ್ಕ ಮಾತಲ್ಲವೆಂದೂ, ಹಾಗೆಯೇ ಅಷ್ಟು ಸುಲಭವಾಗಿ ಒಪ್ಪತಕ್ಕ ಮಾತೂ ಅಲ್ಲವೆಂದೂ ಗೊತ್ತಾಗುತ್ತದೆ.

ಸಫಾರಿ ಎಂಬ ಮಾತು ಸ್ವಾಹಿಲಿ ಭಾಷೆಯದು. ಅರಬ್ಬೀ ಭಾಷೆಯ ಸಫರ್ ಎಂಬ ಶಬ್ದವು ಅದಕ್ಕೆ ಮೂಲ. ಹಿಂದೂಸ್ಥಾನಿಯನ್ನು ಬಲ್ಲವರಿಗೆ ಅದರ ಅರ್ಥ ಪ್ರಯಾಣವೆಂದು ಹೇಳಬೇಕಾಗಿಲ್ಲ. ಬರಿಯ ಪ್ರಯಾಣವಾಗಿದ್ದುದು ಬೇಟೆಯ ಪ್ರಯಾಣವಾದದ್ದು ಐರೋಪ್ಯರ ಕಾಲದಲ್ಲಿ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಉಗಾಂಡದ ಈಶಾನ್ಯದ ಕರಮೋಜ ಸೀಮೆಯಲ್ಲಿ ದಂತಕ್ಕಾಗಿ ತಿರುಗಿದ ಬೆಲ್ ಎಂಬ ಸ್ಕಾಟ್ಲೆಂಡಿನವನು ತನ್ನ ಜೀವಮಾನದಲ್ಲಿ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದನು. 1909ರಲ್ಲಿ ಅಮೆರಿಕದ ಅಧ್ಯಕ್ಷಪದವಿಯಿಂದ ಇಳಿದ ಥಿಯೊಡೋರ್ ರೂಸ್‌ವೆಲ್ಟರು ಮಗನನ್ನು ಕರೆದುಕೊಂಡು, ವಸ್ತುಸಂಗ್ರಹಾಲಯಕ್ಕೆ ಮಾದರಿಗಳನ್ನು ಕೂಡಿಸುವ ಉದ್ದೇಶದಿಂದ ಪೂರ್ವ ಆಫ್ರಿಕಕ್ಕೆ ಹೋದರು. ಇಬ್ಬರೂ ಕೂಡಿ ಹೊಡೆದ ಪ್ರಾಣಿಗಳ ಲೆಕ್ಕ 512. 1910ರ ಜನವರಿಯಲ್ಲಿ ನೈಲ್ ನದಿಯ ಪಡುದಡದಲ್ಲಿ ಬೀಡುಬಿಟ್ಟು ಉತ್ತರದ ಬಿಳಿಯ ಖಡ್ಗಮೃಗಗಳನ್ನು ಬೇಟೆಯಾಡಿದರು. ಈಗ ಉಗಾಂಡಕ್ಕೆ ಸೇರಿರುವ ಆ ಭಾಗದ ಊರೊಂದಕ್ಕೆ ಇಂದಿಗೂ ರೈನೋ ಕ್ಯಾಂಪ್ ಎಂದೇ ಹೆಸರು. ಆ ಖಡ್ಗಮೃಗಗಳಲ್ಲಿ ಉಳಿದಿದ್ದ ಕೊನೆಯ ಗಂಡು 2018ರ ಮಾರ್ಚಿ ತಿಂಗಳಲ್ಲಿ ಕೀನ್ಯ ದೇಶದಲ್ಲಿ ಸತ್ತಿತು. ಎರಡು ಹೆಣ್ಣುಗಳು ಮಾತ್ರ ಉಳಿದುವು. ಈ ನಾಶವನ್ನು ರೂಸ್‌ವೆಲ್ಟರ ತಲೆಗೆ ಕಟ್ಟುವುದು ನ್ಯಾಯವಲ್ಲ. ಅವುಗಳನ್ನು ಮುಗಿಸಿದ್ದು ಮುಂದಿನ ಕಾಲದ ಯುದ್ಧಗಳು, ಕಳ್ಳಬೇಟೆ ಮತ್ತು ಕೊಂಬಿನ ವ್ಯಾಪಾರ.

ಉಗಾಂಡದ ದುರ್ದಿನಗಳು 1971ರಲ್ಲಿ ಈದಿ ಅಮೀನನು ಅಧಿಕಾರವನ್ನು ಕಸಿದುಕೊಂಡಾಗ ಮೊದಲಾದುವು. ಅವನ ಕಾಲದಲ್ಲಿ ಸತ್ತ ಮನುಷ್ಯರ ನಡುವೆ ಮೃಗಗಳ ಲೆಕ್ಕವನ್ನು ಹೇಳುವುದು ಸಂಕೋಚದ ವಿಷಯ. ಆದರೂ ಹೇಳಬೇಕು. 1960ರ ದಶಕದಲ್ಲಿ ಆ ದೇಶದಲ್ಲಿ ಸುಮಾರು 30,000 ಆನೆಗಳಿದ್ದುವು. 1980ರ ದಶಕದಲ್ಲಿ ಉಳಿದದ್ದು 2,000ದಷ್ಟು. ಸೈನಿಕರು ಬಂದೂಕುಗಳಿಂದ ದಂತಕ್ಕಾಗಿಯೂ ಮಾಂಸಕ್ಕಾಗಿಯೂ ಹೊಡೆದರು. ಖಡ್ಗಮೃಗಗಳ ಎರಡು ಜಾತಿಗಳೂ ನಿರ್ನಾಮವಾದುವು. 1979ರಲ್ಲಿ ಅಮೀನನು ಓಡಿಹೋದನು. ಅದೇ ವರ್ಷ ಬೇಟೆಯೂ ನಿಷಿದ್ಧವಾಯಿತು. ಕೊಟ್ಟಿಗೆ ಬರಿದಾದ ಮೇಲೆ ಬಾಗಿಲು ಹಾಕಿದಂತಾಯಿತು.

ಇನ್ನು ಎಂಬೂರೋ ಸರೋವರಕ್ಕೆ ಬರೋಣ. ಅಂಕೋಲೆ ಸೀಮೆಯಲ್ಲಿ ಬಹಿಮರೆಂಬ ಗೋಪಾಲಕರು ಬಹುಕಾಲದಿಂದ ವಾಸವಾಗಿದ್ದಾರೆ. ಅವರ ಹಸುಗಳು ಲೋಕಪ್ರಸಿದ್ಧವಾದುವು. ಒಂದೊಂದರ ಕೊಂಬೂ ಮಾರುದ್ದ, ವೀಣೆಯ ದಂಡಿಯಂತೆ ಬಾಗಿ ಮೇಲೆದ್ದಿರುತ್ತದೆ. ಈ ಜನರಲ್ಲಿ ಒಂದು ಕಟ್ಟುಪಾಡು ಉಂಟು: ಅವರು ಸಾಮಾನ್ಯವಾಗಿ ಕಾಡುಮೃಗಗಳ ಮಾಂಸವನ್ನು ತಿನ್ನುವುದಿಲ್ಲ. ಹಾಲೇ ಅವರ ಮುಖ್ಯವಾದ ಆಹಾರ. ಹೀಗಾಗಿ ದನಗಳೂ ಹುಲ್ಲೆಗಳೂ ಜೀಬ್ರಾಗಳೂ ಒಂದೇ ಹುಲ್ಲುಗಾವಲಿನಲ್ಲಿ ಮೇಯುತ್ತಿದ್ದುವು; ದನ ಕಾಯುವವನು ಅವನ್ನು ನೋಡಿಯೂ ನೋಡದಂತೆ ಇರುತ್ತಿದ್ದನು.

ಈ ಏರ್ಪಾಡನ್ನು ಕೆಡಿಸಿದವರು ಹೊರಗಿನವರು. ಅದೂ ಬಹುಮಟ್ಟಿಗೆ ಸದುದ್ದೇಶದಿಂದ. ಮೊದಲು ತ್ಸೆತ್ಸೆ ಎಂಬ ನೊಣವನ್ನು ಅಡಗಿಸುವ ಕಾರ್ಯಕ್ರಮ ಬಂತು. ದನಗಳಿಗೆ ರೋಗವನ್ನು ಹರಡುವ ಆ ನೊಣವು ಕಾಡುಮೃಗಗಳ ರಕ್ತವನ್ನು ಹೀರಿ ಬದುಕುತ್ತದೆಯೆಂದು ಸರ್ಕಾರದ ಬೇಟೆಗಾರರು ಮೃಗಗಳನ್ನು ಲೆಕ್ಕವಿಲ್ಲದೆ ಹೊಡೆದರು. ಬಳಿಕ ಅಮೆರಿಕದ ನೆರವಿನಿಂದ ದೊಡ್ಡ ದೊಡ್ಡ ಪಶುಕ್ಷೇತ್ರಗಳನ್ನು ಅಳೆದು ಕೆಲವರಿಗೆ ಕೊಟ್ಟರು. ಭೂಮಿಯಿಲ್ಲದೆ ಉಳಿದ ಗೋಪಾಲಕರು ಸರೋವರದ ಸುತ್ತಣ ಮೃಗರಕ್ಷಣೆಯ ನೆಲಕ್ಕೆ ದನ ಹೊಡೆದುಕೊಂಡು ಬಂದರು. ಕೊನೆಗೆ 1983ರಲ್ಲಿ ಒಬೊಟೆಯವರ ಸರ್ಕಾರವು ಆ ನೆಲವನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಿ, ಸಾವಿರಾರು ಸಂಸಾರಗಳನ್ನು ಪರಿಹಾರವಿಲ್ಲದೆ ಹೊರಗಟ್ಟಿತು.

ಎರಡು ವರ್ಷ ಕಳೆಯಿತು. 1985ರ ಜುಲೈಯಲ್ಲಿ ಒಬೊಟೆಯವರ ಸರ್ಕಾರ ಬಿತ್ತು. ಹೊರಗಟ್ಟಲ್ಪಟ್ಟವರು ಹಿಂದಿರುಗಿದರು, ಉದ್ಯಾನದ ಕಟ್ಟಡಗಳನ್ನು ಕೆಡವಿದರು, ಮೃಗಗಳನ್ನು ಕೊಂದರು. ಹಸಿವಿನಿಂದ ಕೊಂದದ್ದಲ್ಲ. ಮೃಗಗಳಿರುವ ತನಕ ಈ ನೆಲ ನಮ್ಮದಾಗುವುದಿಲ್ಲ, ಮೃಗಗಳೇ ಇಲ್ಲವಾದರೆ ಉದ್ಯಾನಕ್ಕೆ ಕಾರಣವೇ ಇರುವುದಿಲ್ಲ ಎಂದು ತರ್ಕಿಸಿ ಕೊಂದರು. ಕಾಡುಮೃಗವನ್ನು ಮುಟ್ಟದೆ ತಲೆಮಾರುಗಳನ್ನು ಕಳೆದ ಜನರ ಕೈಯಿಂದ ಈ ಕೆಲಸ ನಡೆಯಿತೆಂಬುದನ್ನು ನಾವು ಸ್ವಲ್ಪ ನಿಂತು ಯೋಚಿಸಬೇಕು. ನನಗೆ ತೋರುವಮಟ್ಟಿಗೆ, ಉಗಾಂಡದ ಬೇಟೆಯ ಪ್ರಶ್ನೆಗೆ ಕೀಲಿಕೈ ಇರುವುದು ಇಲ್ಲಿಯೇ.

1986ರಲ್ಲಿ ಅಧಿಕಾರಕ್ಕೆ ಬಂದ ಮುಸೆವೆನಿಯವರು ಅದೇ ಅಂಕೋಲೆಯ ಗೋಪಾಲಕ ಕುಲದವರು. ಹೊಸ ಸರ್ಕಾರವು ಉದ್ಯಾನದ ದೊಡ್ಡ ಭಾಗವನ್ನು ಜನರಿಗೆ ಬಿಟ್ಟುಕೊಟ್ಟಿತು. ಉಳಿದ ಉದ್ಯಾನವು ಮೃಗಗಳಿಗೆ ಸಾಲದಾಯಿತು. ಮತ್ತೊಂದು ವಿಚಿತ್ರವನ್ನು ಕೇಳಿ: ದನಗಳನ್ನು ಹೊರಗಟ್ಟಿದ ಮೇಲೆ ಉದ್ಯಾನದೊಳಗಿನ ಹುಲ್ಲುಗಾವಲಿನಲ್ಲಿ ಒಂದು ಬಗೆಯ ಜಾಲಿಯು ದಟ್ಟವಾಗಿ ಬೆಳೆಯತೊಡಗಿತು. ಇಂಪಾಲವೂ ಜೀಬ್ರಾವೂ ಬಯಲನ್ನು ಬಯಸುವ ಪ್ರಾಣಿಗಳು. ದನಗಳು ಮೇದು ತೆರವಾಗಿಟ್ಟ ಖಾಸಗಿ ಪಶುಕ್ಷೇತ್ರಗಳಲ್ಲಿ ಎಳೆಹುಲ್ಲು ಚಿಗುರಿದರೆ, ಮಳೆಗಾಲದಲ್ಲಿ ಅವು ಗುಂಪುಗುಂಪಾಗಿ ಹೊರಗೆ ನಡೆಯುತ್ತವೆ. ಮೃಗಗಳಿಗಾಗಿ ಮಾಡಿದ ನೆಲವನ್ನು ಬಿಟ್ಟು, ಮೃಗಗಳು ದನಗಳ ನೆಲಕ್ಕೆ ಹೋದುವು.

ಅಲ್ಲಿನ ಒಕ್ಕಲಿನ ಕಷ್ಟವನ್ನು ಊಹಿಸಿಕೊಳ್ಳಿ. ಅವನ ಹುಲ್ಲನ್ನು ಜೀಬ್ರಾ ತಿನ್ನುತ್ತದೆ; ಅವನ ಕೊಳದ ನೀರನ್ನು ಕಾಡೆಮ್ಮೆ ಕುಡಿಯುತ್ತದೆ; ಉಣ್ಣಿಹುಳುಗಳೂ ರೋಗಗಳೂ ದನಗಳಿಗೆ ಹತ್ತುತ್ತವೆ. ಆ ಮೃಗಗಳು ಯಾರವು? ಹಿಂದೆ ದೊರೆಯವು, ಆಮೇಲೆ ಬ್ರಿಟಿಷ್ ಸರ್ಕಾರದವು, ಸ್ವಾತಂತ್ರ್ಯ ಬಂದ ಮೇಲೆ ಉಗಾಂಡ ಸರ್ಕಾರದವು. ಮೇವು ಹಾಕುವವನ ಸ್ವತ್ತು ಮಾತ್ರ ಎಂದೂ ಆಗಲಿಲ್ಲ. 1990ರ ದಶಕದಲ್ಲಿ ಇಂಪಾಲಗಳ ಸಂಖ್ಯೆ ಬಹಳವಾಗಿ ಕುಸಿಯಿತು. ಇದರಲ್ಲಿ ಆಶ್ಚರ್ಯವೇನೂ ಇಲ್ಲ.

1996ರಲ್ಲಿ ಉಗಾಂಡ ಸರ್ಕಾರದವರು ಹೊಸ ಕಾಯಿದೆಯೊಂದನ್ನು ಮಾಡಿದರು. ಉಗಾಂಡ ವನ್ಯಜೀವಿ ಪ್ರಾಧಿಕಾರವು ಹುಟ್ಟಿದ್ದು ಆ ಕಾಯಿದೆಯಿಂದಲೇ. ವನ್ಯಮೃಗಗಳನ್ನು ಉಪಯೋಗಿಸಿಕೊಳ್ಳುವ ಹಕ್ಕುಗಳನ್ನು ಅದು ಆರು ವರ್ಗಗಳಾಗಿ ವಿಂಗಡಿಸಿತು. ಅವುಗಳಲ್ಲಿ ಮೊದಲನೆಯದು ಬೇಟೆಯ ಹಕ್ಕು. ಐದು ವರ್ಷಗಳ ಮೇಲೆ, 2001ರಲ್ಲಿ, ಉದ್ಯಾನದ ಹೊರಗಿನ ಪಶುಕ್ಷೇತ್ರಗಳಿರುವ ರುರಂಬಿರ ಎಂಬಲ್ಲಿ ಪ್ರಯೋಗ ಆರಂಭವಾಯಿತು. ಅದರ ಕ್ರಮ ಇಷ್ಟೆ. ಯಾವ ಜಾತಿಯಲ್ಲಿ ವರ್ಷಕ್ಕೆ ಎಷ್ಟನ್ನು ಹೊಡೆಯಬಹುದೆಂದು ಪ್ರಾಧಿಕಾರವು ಗೊತ್ತುಮಾಡುತ್ತದೆ. ಪರವಾನಗಿ ಪಡೆದ ಕಂಪೆನಿಯೊಂದು ಪರದೇಶದ ಬೇಟೆಗಾರರನ್ನು ಕರೆತರುತ್ತದೆ. ಹೊಡೆದ ಒಂದೊಂದು ತಲೆಗೂ ಹಣ ಸಲ್ಲಬೇಕು. ಆ ಹಣದಲ್ಲಿ ಬಹುಪಾಲು ಊರಿನವರ ಸಂಘಕ್ಕೆ. ಬೇಟೆಗಾರನು ಕೊಂಬು ತೊಗಲುಗಳನ್ನು ತನ್ನ ದೇಶಕ್ಕೆ ಒಯ್ಯುತ್ತಾನೆ. ಈ ಏರ್ಪಾಡು ಮುಂದೆ ಕರಮೋಜ ಮುಂತಾದ ಕಡೆಗಳಿಗೂ ಹಬ್ಬಿತು. ಉಗಾಂಡದ ರಾಜ್ಯಲಾಂಛನದಲ್ಲಿ ಗುರಾಣಿಯನ್ನು ಹಿಡಿದು ನಿಂತಿರುವ ಕಾಬ್ ಎಂಬ ಹುಲ್ಲೆಯೂ ಬೇಟೆಗಾರರು ಬಯಸುವ ಮೃಗಗಳಲ್ಲಿ ಸೇರಿದೆ. ಲಾಂಛನಕ್ಕೆ ಇದರಿಂದ ಅಪಚಾರವಾಯಿತೆಂದು ಅಲ್ಲಿ ಯಾರಾದರೂ ನೊಂದುಕೊಂಡರೋ ಇಲ್ಲವೋ, ನಮ್ಮಲ್ಲಾದರೆ ಖಂಡಿತವಾಗಿ ಒಂದು ಮನವಿ ಪತ್ರ ಹೋಗುತ್ತಿತ್ತು.

ಫಲವೇನಾಯಿತು? ಮೊದಲ ವರ್ಷಗಳಲ್ಲಿ ಜನರ ಮನೋಭಾವ ಬದಲಾಯಿತೆಂದು ಪರಿಶೀಲಿಸಿದವರು ಹೇಳಿದ್ದಾರೆ. ಪೀಡೆಯೆಂದು ಕಂಡಿದ್ದ ಮೃಗಕ್ಕೆ ಬೆಲೆ ಬಂತು. ಕಳ್ಳಬೇಟೆಗಾರರ ಸುದ್ದಿಯನ್ನು ಕೊಡಲು ಊರಿನವರೇ ಮುಂದಾದರು. ಬಂದ ಹಣದಿಂದ ಶಾಲೆ ಮೊದಲಾದ ಸಾರ್ವಜನಿಕ ಕಾರ್ಯಗಳಿಗೆ ನೆರವಾಯಿತು. ಇಷ್ಟಕ್ಕೆ ಕಥೆ ಮುಗಿದಿದ್ದರೆ ಬೇಟೆಯ ಪಕ್ಷದವರಿಗೆ ಜಯವಾಗುತ್ತಿತ್ತು. ಆದರೆ ಹಣ ಬಂದೆಡೆಯಲ್ಲಿ ಜಗಳವೂ ಬರುವುದು ಲೋಕದ ರೀತಿ. ಶಾಲೆ ಊರಿಗೆಲ್ಲ ಆಯಿತು, ಸಂತೋಷ. ಜೀಬ್ರಾ ತಿಂದ ಹುಲ್ಲು ಮಾತ್ರ ನನ್ನೊಬ್ಬನದಲ್ಲವೆ ಎಂದು ಭೂಮಿಯ ಒಡೆಯನು ಕೇಳಿದನು. ಒಡೆಯನಿಗೆ ಪಾಲು ಕೊಟ್ಟರೆ, ದನ ಕಾಯುವ, ಭೂಮಿಯಿಲ್ಲದ ಬಡವನು ನನಗೇನು ಎಂದನು. ಸಂಘದ ಲೆಕ್ಕ ಬಲ್ಲವರ ಕೈಯಲ್ಲಿ ಉಳಿಯಿತೆಂಬ ಆಕ್ಷೇಪಣೆಯೂ ಎದ್ದಿತು. ಇದಕ್ಕಿಂತಲೂ ಗುರುತರವಾದ ಆಕ್ಷೇಪಣೆಯೆಂದರೆ, ಮೃಗಗಳ ಗಣತಿ ಬೇಕಾದಷ್ಟು ಎಚ್ಚರದಿಂದ ನಡೆಯಲಿಲ್ಲವೆಂಬುದು. ಎಷ್ಟಿವೆಯೆಂದು ತಿಳಿಯದೆ ಎಷ್ಟನ್ನು ಹೊಡೆಯಬಹುದೆಂದು ಹೇಳುವುದು ಹೇಗೆ? ಕಣಜವನ್ನು ನೋಡದೆ ದಿನದ ಅಕ್ಕಿಯನ್ನು ಅಳೆದುಕೊಡುವ ಸಂಸಾರ ಎಷ್ಟು ದಿನ ನಡೆದೀತು?

ಇನ್ನು ಮೂಲಭೂತವಾದ ಒಂದು ಮಾತು. ಪ್ರಾಣವನ್ನು ವಿನೋದಕ್ಕಾಗಿ ತೆಗೆಯುವುದು ಸರಿಯೆ? ರಾಜರಿಗೆ ಅಂಟುವ ವ್ಯಸನಗಳನ್ನು ಎಣಿಸುವಾಗ ಮನುಸ್ಮೃತಿಯು ಕಾಮದಿಂದ ಹುಟ್ಟುವ ಹತ್ತರಲ್ಲಿ ಮೃಗಯೆಯನ್ನೇ ಮೊದಲು ಹೇಳುತ್ತದೆ. ಜೂಜು ಅದರ ಹಿಂದೆ ಬರುತ್ತದೆ. ಪರದೇಶದಿಂದ ವಿಮಾನದಲ್ಲಿ ಬಂದು, ಜೀವಮಾನದಲ್ಲಿ ಎಂದೂ ತನಗೆ ಕೇಡು ಮಾಡದ ಒಂದು ಹುಲ್ಲೆಯನ್ನು ಹೊಡೆದು, ಅದರ ತಲೆಯನ್ನು ಗೋಡೆಗೆ ತೂಗುಹಾಕುವುದರಲ್ಲಿ ಯಾವ ಪೌರುಷವಿದೆಯೋ ನಾನು ಕಾಣೆ. ಈ ಅರುಚಿಯನ್ನು ನಾನು ಮುಚ್ಚಿಡುವುದಿಲ್ಲ. ಆದರೆ ನನ್ನ ಅರುಚಿಯ ಬೆಲೆಯನ್ನು ಕೊಡುವವನು ನಾನಲ್ಲ, ಅಂಕೋಲೆಯ ದನಗಾಹಿ. ನೆರೆಯ ಕೀನ್ಯ ದೇಶವು 1977ರಲ್ಲಿ ಬೇಟೆಯನ್ನು ನಿಷೇಧಿಸಿ ಅದೇ ನಿಯಮವನ್ನು ಉಳಿಸಿಕೊಂಡು ಬಂದಿದೆ. ಆದರೂ 1977ರಿಂದ 2016ರ ವರೆಗೆ ಅಲ್ಲಿನ ಹುಲ್ಲುಗಾಡಿನ ಮೃಗಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕಡಮೆಯಾದುವೆಂದು ಗಣತಿ ಮಾಡಿದವರು ತಿಳಿಸಿದ್ದಾರೆ. ನಿಷೇಧದಿಂದಲೇ ಹೀಗಾಯಿತೆಂದು ಬೇಟೆಯ ಪಕ್ಷದವರು ವಾದಿಸುವುದುಂಟು, ಅದು ಅತಿವಾದ. ಜನಸಂಖ್ಯೆ, ದನಕುರಿಗಳು, ಬೇಲಿ, ಕಳ್ಳಬೇಟೆ ಎಲ್ಲವೂ ಅಲ್ಲಿ ಕೆಲಸಮಾಡಿವೆ. ಆದರೆ ಬಂದೂಕನ್ನು ಕಿತ್ತುಕೊಂಡ ಮಾತ್ರಕ್ಕೆ ಮೃಗವು ಉಳಿಯುವುದಿಲ್ಲವೆಂಬಷ್ಟನ್ನು ಕೀನ್ಯವೂ, ಬಂದೂಕಿಗೆ ಬೆಲೆ ಕಟ್ಟಿದ ಮಾತ್ರಕ್ಕೂ ಉಳಿಯುವುದಿಲ್ಲವೆಂಬುದನ್ನು ಉಗಾಂಡವೂ ತೋರಿಸಿಕೊಟ್ಟಿವೆ.

1990ರ ಬಳಿಕ ಅಂಕೋಲೆಯ ಹಳೆಯ ದೊಡ್ಡ ಪಶುಕ್ಷೇತ್ರಗಳನ್ನು ಒಡೆದು ಸಣ್ಣ ಹಿಡುವಳಿಗಳಾಗಿ ಹಂಚಿದರು. ಭೂಮಿಯಿಲ್ಲದವರಿಗೆ ಭೂಮಿ ಸಿಕ್ಕಿತು. ಇದು ಬೇಡವೆನ್ನಲು ಯಾರಿಗೂ ಬಾಯಿ ಬರಲಾರದು. ಸಿಕ್ಕಿದವರು ಬೇಲಿ ಹಾಕಿದರು. ಉದ್ದಕೊಂಬಿನ ಹಸುಗಳ ಬದಲಿಗೆ ಹೆಚ್ಚು ಹಾಲು ಕರೆಯುವ ಕರಿಬಿಳಿ ಬಣ್ಣದ ಸೀಮೆಹಸುಗಳನ್ನು ಕೊಂಡರು. ಅವು ಸುಕುಮಾರವಾದ ಹಸುಗಳು; ಉಣ್ಣಿಹುಳುವಿನ ಬಾಧೆಯನ್ನು ನಾಡಹಸುವಿನಂತೆ ತಾಳಲಾರವು. ಆದುದರಿಂದ ಬೇಲಿಯು ಇನ್ನೂ ಬಿಗಿಯಾಯಿತು. ಎಂಬೂರೋ ಸೀಮೆಯಲ್ಲಿ ವರ್ಷಕ್ಕೆ ಎರಡು ಮಳೆಗಾಲಗಳು. ಮಳೆ ಬಿದ್ದು ನಾಲ್ಕು ದಿನವಾದರೆ ಹೊರಗಿನ ಹುಲ್ಲು ಚಿಗುರುತ್ತದೆ, ಇಂಪಾಲಗಳು ಜಾಲಿಯ ಮೆಳೆಗಳಿಂದ ಹೊರಟು ಆ ಕಡೆಗೆ ನಡೆಯುತ್ತವೆ. ಎಲ್ಲಿ ತಂತಿ ಸಡಿಲವಾಗಿದೆಯೋ ಅಲ್ಲಿ ನುಸುಳುತ್ತವೆ. ಬಿಗಿಯಾಗಿರುವಲ್ಲಿ ಬೇಲಿಯುದ್ದಕ್ಕೂ ನಡೆದು ದಾರಿಯನ್ನು ಹುಡುಕುತ್ತವೆ.