ಗಾಡಿಯ ಮಜ್ಜನ

ಭಾನುವಾರದ ಬೆಳಗಿಗೆ ನಮ್ಮ ಚೇಳೂರಿನಲ್ಲಿಯೂ ಈಗ ಒಂದು ಹೊಸ ನಿತ್ಯಕರ್ಮ ಅಂಟಿಕೊಂಡಿದೆ. ಹಾಲಿನವನು ಬಂದು ಹೋಗಿ, ಬಾಗಿಲಿಗೆ ಹಾಕಿದ ನೀರು ಇನ್ನೂ ಆರುವ ಮೊದಲೇ, ಕಾರುಳ್ಳ ಮನೆಗಳ ಮುಂದೆ ಪೈಪಿನಿಂದ ನೀರು ಚಿಮ್ಮುವ ಸದ್ದು ಕೇಳಿಬರುತ್ತದೆ. ತಾವು ಉಂಡ ತಟ್ಟೆಯನ್ನು ಒಂದು ದಿನವೂ ತೊಳೆದರಿಯದ ಗೃಹಸ್ಥರು ಪಂಚೆಯನ್ನು ಮೊಳಕಾಲಿನ ಮೇಲಕ್ಕೆ ಕಟ್ಟಿ, ಚಕ್ರದ ಸಂದಿಗೊಂದಿಗಳಲ್ಲಿ ಕೈಯಾಡಿಸುತ್ತ ಕುಳಿತಿರುತ್ತಾರೆ. ಇದನ್ನು ನೋಡಿ ನಗುವ ಅಧಿಕಾರ ನನಗಿಲ್ಲ. ಮೂವತ್ತು ವರ್ಷಗಳಿಗೂ ಮಿಗಿಲಾಗಿ ನಾನೂ ಈ ಕರ್ಮವನ್ನು ಆಚರಿಸಿಕೊಂಡು ಬಂದವನೇ. ಅದರಲ್ಲಿ ನಾನು ಮಾಡಿದ ತಪ್ಪುಗಳನ್ನೂ, ಆ ತಪ್ಪುಗಳು ನನಗೆ ಕಲಿಸಿದ ಒಂದೆರಡು ಮಾತುಗಳನ್ನೂ ಇಂದು ತಮ್ಮ ಮುಂದೆ ಇಡಬೇಕೆಂದಿದ್ದೇನೆ.

ಗಾಡಿಯ ಮೈ ತೊಳೆಯುವುದು ಮೋಟಾರಿನೊಡನೆ ನಮ್ಮ ನಾಡಿಗೆ ಬಂದ ವಿದ್ಯೆಯೇನೂ ಅಲ್ಲ. ನಾನು ಹುಡುಗನಾಗಿದ್ದಾಗ ಸಂಕ್ರಾಂತಿಯ ದಿನ ನಮ್ಮ ತಂದೆಯವರು ಎತ್ತುಗಳನ್ನು ಕೆರೆಗೆ ಇಳಿಸಿ, ಹುಲ್ಲಿನ ಸಿಂಬಿಯಿಂದ ಮೈಯುಜ್ಜಿ ತೊಳೆಯುತ್ತಿದ್ದರು. ಕೊಂಬನ್ನು ಹೆರೆದು ನುಣುಪುಮಾಡಿ ಎಣ್ಣೆ ಸವರುತ್ತಿದ್ದರು. ಸಂಜೆ ಕಿಚ್ಚು ಹಾಯಿಸುವಾಗ ಆ ಕೊಂಬುಗಳು ಬೆಂಕಿಯ ಬೆಳಕಿನಲ್ಲಿ ಥಳಥಳಿಸುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆದರೆ ತಂದೆಯವರ ಗಮನ ಹೊಳಪಿನ ಮೇಲೆ ಇರುತ್ತಿರಲಿಲ್ಲ. ಉಜ್ಜುತ್ತ ಉಜ್ಜುತ್ತ ಅವರ ಕೈ, ನೊಗ ಒತ್ತಿ ಹೆಗಲಿನಲ್ಲಿ ಆದ ಹುಣ್ಣನ್ನು ಕಂಡುಹಿಡಿಯುತ್ತಿತ್ತು. ಕಿವಿಯ ಹಿಂದೆ ಅಡಗಿದ ಉಣ್ಣೆಯನ್ನು ಕೀಳುತ್ತಿತ್ತು. ಸವೆದ ಲಾಳವನ್ನು ಗುರುತಿಸುತ್ತಿತ್ತು. ಬಂಡಿಯ ಕೀಲಿಗೆ ಹರಳೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಕರಿ ಕಲಸಿದ ಕೀಲೆಣ್ಣೆ ಬೀಳುತ್ತಿದ್ದುದೂ ಅಂದೇ. ಮೈ ತೊಳೆಯುವುದೆಂದರೆ ಮೈ ನೋಡುವುದು. ವರ್ಷಕ್ಕೊಮ್ಮೆ ಮಹಾನವಮಿಯ ಆಯುಧಪೂಜೆಯಲ್ಲಿ ಬಸ್ಸು, ಲಾರಿ, ಸೈಕಲ್ಲುಗಳನ್ನೆಲ್ಲ ತೊಳೆದು, ಬಾಳೆಕಂದು ಕಟ್ಟಿ, ಗಾಲಿಯಡಿಗೆ ನಿಂಬೆಹಣ್ಣಿಟ್ಟು, ಬೂದುಗುಂಬಳ ಒಡೆಯುತ್ತೇವಲ್ಲ, ಅದರ ಬೇರು ಇರುವುದೂ ಈ ಕೆರೆಯಂಗಳದಲ್ಲಿಯೇ ಎಂದು ನನಗೆ ತೋರುತ್ತದೆ.

ನಾನು ಕಾರು ಕೊಂಡದ್ದು 1992ರಲ್ಲಿ. ಹೊಸದಲ್ಲ, ಒಬ್ಬರು ಓಡಿಸಿ ಬಿಟ್ಟ ಪ್ರೀಮಿಯರ್ ಪದ್ಮಿನಿ. ಜನ ಅದನ್ನು ಹಳೆಯ ರೂಢಿಯಂತೆ ಫಿಯೆಟ್ ಎಂದೇ ಕರೆಯುತ್ತಿದ್ದರು. ನಾನು ಮಾತ್ರ ಮೇಷ್ಟರಿಗೆ ಸಹಜವಾದ ಶುದ್ಧಿಯಿಂದ ಪದ್ಮಿನಿ ಎಂದೇ ಹೇಳುತ್ತಿದ್ದೆ. ಕೆನೆಬಣ್ಣದ ಆ ಗಾಡಿಯ ಮೇಲೆ ನನಗಿದ್ದ ಮೋಹವನ್ನು ವರ್ಣಿಸಹೊರಟರೆ ಹಾಸ್ಯಾಸ್ಪದವಾಗುತ್ತದೆ. ಬಂದ ವರ್ಷದ ಬೇಸಗೆಯಲ್ಲೇ ಅದಕ್ಕೆ ಪೆಟ್ಟು ಬಿತ್ತು. ಬಿದ್ದದ್ದು ನನ್ನ ಕೈಯಿಂದಲೇ.

ಚೇಳೂರೆಂದರೆ ಹಲಸು ಎನ್ನುವುದು ನಮ್ಮ ಸೀಮೆಯವರಿಗೆಲ್ಲ ಗೊತ್ತು. ಹಂಗಾಮಿನಲ್ಲಿ ಇಲ್ಲಿಯ ಮಾರುಕಟ್ಟೆಯಲ್ಲಿ ಹಲಸಿನ ರಾಶಿಗಳ ನಡುವೆ ನಡೆಯುವುದಕ್ಕೆ ದಾರಿಯೇ ಇರುವುದಿಲ್ಲ. ಕೆಂದೊಳೆಯ 'ಸಿದ್ದು' ಹಲಸಿನ ತಾಯಿಮರ ಇರುವುದೂ ನಮ್ಮ ಊರಿನಲ್ಲೇ. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 2017ರಲ್ಲಿ ಅದರ ಕಸಿ ಸಸಿಗಳನ್ನು ಬೆಳೆಸಿ ಹಂಚಲು ಮುಂದಾದ ಮೇಲೆ ಊರಿನ ಹೆಸರು ದೂರದವರೆಗೂ ಹೋಯಿತು. ಆದರೆ ನಾನು ಹೇಳುತ್ತಿರುವುದು ಅದಕ್ಕೆ ಎಷ್ಟೋ ಹಿಂದಿನ ಮಾತು. ಆಗತಾನೆ ಮರದಿಂದಿಳಿದ ಮೂರು ಹಣ್ಣುಗಳನ್ನು ಕೊಂಡು, ಪದ್ಮಿನಿಯ ಡಿಕ್ಕಿಯ ಮೇಲಿಟ್ಟು, ಪರಿಚಯದವರೊಡನೆ ಲೋಕಾಭಿರಾಮವಾಗಿ ಮಾತನಾಡುತ್ತ ನಿಂತೆ. ತೊಟ್ಟಿನಿಂದ ಹಾಲಿನಂಥ ಸೊನೆ ಮೆಲ್ಲಗೆ ಇಳಿಯುತ್ತಿದ್ದುದನ್ನು ನಾನು ನೋಡಲಿಲ್ಲ. ಮರುದಿನ ನೋಡಿದರೆ ಮೂರು ಕಡೆ ಕಪ್ಪಗೆ ಅಂಟು ಕಚ್ಚಿಕೊಂಡಿದೆ. ನೀರು ಹಾಕಿದೆ, ಸೋಪು ಹಾಕಿದೆ, ಬಿಸಿನೀರು ಹಾಕಿದೆ. ಕೊನೆಗೆ ಅಡಿಗೆಮನೆಯ ಚಾಕು ತಂದು ಹೆರೆದೆ. ಅಂಟಿನ ಜೊತೆಗೆ ಬಣ್ಣವೂ ಎದ್ದು ಬಂತು.

ಹಲಸು ಸಾಗಿಸುತ್ತಿದ್ದ ಮಟಾಡೋರಿನ ಚಾಲಕನೊಬ್ಬ ಅದನ್ನು ನೋಡಿ ತಲೆಯ ಮೇಲೆ ಕೈ ಹೊತ್ತ.

"ಹಲಸಿನಹಣ್ಣು ಕೊಯ್ಯೋಕೆ ಮುಂಚೆ ಕೈಗೆ ಎಣ್ಣೆ ಹಚ್ಕೊಳಲ್ವಾ ಮೇಷ್ಟ್ರೇ? ಗಾಡೀಗೂ ಅದೇ ಕಣ್ರೀ," ಎಂದ.

ಉಳಿದಿದ್ದ ಅಂಟಿಗೆ ಕೊಬ್ಬರಿಎಣ್ಣೆಯ ಬಟ್ಟೆ ಒತ್ತಿ ಹಿಡಿದು, ಒಂದು ಬೀಡಿ ಸೇದುವಷ್ಟು ಹೊತ್ತು ಬಿಟ್ಟು ಒರೆಸಿದ. ಬಣ್ಣಕ್ಕೆ ಏನೂ ಆಗದಂತೆ ಅಂಟು ಜಾರಿ ಬಂತು. ಎಣ್ಣೆಯ ಜಿಡ್ಡನ್ನು ಮಾತ್ರ ಆಮೇಲೆ ಸೋಪಿನ ನೀರಿನಲ್ಲಿ ತೆಗೆಯಬೇಕು ಎಂದ. ನೀರಿಗೆ ಬಗ್ಗದ್ದು ಎಣ್ಣೆಗೆ ಬಗ್ಗುತ್ತದೆ ಎಂಬುದನ್ನು ಹೆಂಗಸರು ಅಡಿಗೆಮನೆಯಲ್ಲಿ ದಿನವೂ ಆಚರಿಸುತ್ತಿದ್ದರೂ, ಪುಸ್ತಕ ಓದಿದ ನನಗೆ ಅದು ಹೊಳೆದಿರಲಿಲ್ಲ.

ಆತನೇ ನನಗೆ ಈ ವಿದ್ಯೆಯಲ್ಲಿ ಗುರುವಾದ. ಒಣಬಟ್ಟೆಯಿಂದ ಧೂಳು ಒರೆಸಬಾರದು ಎಂಬುದು ಮೊದಲ ಪಾಠ. ನಮ್ಮ ರಸ್ತೆಯ ಧೂಳಿನಲ್ಲಿ ಬೆಣಚುಕಲ್ಲಿನ ನುಣ್ಣನೆಯ ಕಣಗಳಿರುತ್ತವೆ. ಅವು ಬಣ್ಣಕ್ಕಿಂತ ಎಷ್ಟೋ ಗಟ್ಟಿ. ಒಣಗಿದ್ದಾಗ ಉಜ್ಜಿದರೆ ಬಟ್ಟೆಯೇ ಮರಳುಕಾಗದವಾಗುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನ ಮೈಮೇಲೆ ಜೇಡರ ಬಲೆಯಂತೆ ಸುತ್ತುಸುತ್ತಾಗಿ ಕಾಣುವ ಗೀರುಗಳೆಲ್ಲ ಹೀಗೆ ಪ್ರೀತಿಯಿಂದ ಒರೆಸಿದ ಗೀರುಗಳೇ. ಆದ್ದರಿಂದ ಮೊದಲು ಚೊಂಬಿನಿಂದ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ನೀರು ಬಿಟ್ಟು ಧೂಳನ್ನು ನೆನೆಸಿ ಇಳಿಸಬೇಕು. ಆಮೇಲೆ ಸೋಪಿನ ನೀರಿಗೊಂದು ಬಕೆಟ್ಟು, ಬಟ್ಟೆ ಜಾಲಿಸುವುದಕ್ಕೆ ಇನ್ನೊಂದು. ಛಾವಣಿ ಮೊದಲು, ಗಾಲಿ ಕಡೆಗೆ. ಗಾಲಿಗೆ ಮುಟ್ಟಿಸಿದ ಬಟ್ಟೆಯನ್ನು ಮತ್ತೆ ಮೈಗೆ ಮುಟ್ಟಿಸಬಾರದು. ಬಟ್ಟೆ ಒಗೆಯುವ ಪುಡಿ ಕೂಡದು. ಅದು ಕೊಳೆಯ ಜೊತೆಗೆ ಹಿಂದೆ ಹಚ್ಚಿದ ಮೇಣವನ್ನೂ ಕಿತ್ತುಕೊಂಡು ಹೋಗುತ್ತದೆ. ಬಿಸಿಲಿನಲ್ಲಿ ತೊಳೆಯಬಾರದು, ನಮ್ಮ ಕೊಳವೆಬಾವಿಗಳದು ಗಡಸುನೀರು, ಅದು ಆರಿದಲ್ಲೆಲ್ಲ ಸುಣ್ಣದ ಚುಕ್ಕೆ ಬಿಟ್ಟುಹೋಗುತ್ತದೆ. ಆ ಚುಕ್ಕೆ ಬೀಳುವ ಮೊದಲೇ ಹಳೆಯ ಮೆದು ಪಂಚೆಯಿಂದ ನೀರನ್ನು ಹೀರಿಸಬೇಕು.

ಇಷ್ಟೆಲ್ಲ ಕಲಿತ ಮೇಲೂ ನಾನು ಕಲಿಯದೆ ಉಳಿದಿದ್ದ ಪಾಠ ಇನ್ನೊಂದಿತ್ತು. ಅದು 2003ರ ಬೇಸಗೆ. ಮಳೆ ಕೈಕೊಟ್ಟು ಅದು ಮೂರನೆಯ ವರ್ಷ. ಕೆರೆಯಂಗಳ ಬಿರುಕುಬಿಟ್ಟಿತ್ತು. ಬೀದಿಯ ನಲ್ಲಿಗೆ ನೀರು ಬರುವ ದಿನವನ್ನು ಯಾರೂ ಖಚಿತವಾಗಿ ಹೇಳಲಾರರು. ನಮ್ಮ ಮನೆಯ ಕೊಳವೆಬಾವಿ ಮಾತ್ರ ಯಾವ ಪುಣ್ಯದಿಂದಲೋ ಬತ್ತಿರಲಿಲ್ಲ. ಗುರುವಿನ ಪಾಠವನ್ನು ಸೋಮಾರಿತನದಿಂದ ಮರೆತು, ನಾನೂ ಒಂದು ರಬ್ಬರ್ ಪೈಪು ತಂದಿದ್ದೆ. ಒಂದು ಭಾನುವಾರ ಪದ್ಮಿನಿಗೆ ನೀರು ಹಾಯಿಸುತ್ತ ನಿಂತಿದ್ದಾಗ, ಹಿಂದಿನ ಬೀದಿಯ ಅಜ್ಜಿಯೊಬ್ಬರು ಎರಡು ಪ್ಲಾಸ್ಟಿಕ್ ಬಿಂದಿಗೆಗಳನ್ನು ಕೆಳಗಿಟ್ಟು ಬೇಲಿಯ ಬಳಿ ನಿಂತರು. ಎಷ್ಟು ಹೊತ್ತು ನಿಂತಿದ್ದರೋ ನಾನು ಕಾಣೆ. ಕೊನೆಗೆ ಕೇಳಿದರು:

"ಮೇಷ್ಟ್ರೇ, ಗಾಡೀಗೂ ಬಾಯಾರಿಕೆ ಆಯ್ತದಾ?"

ಆ ದನಿಯಲ್ಲಿ ಕೋಪವಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಇದ್ದಿದ್ದರೆ ನಾನೂ ಏನಾದರೊಂದು ಉತ್ತರ ಹೇಳಿ ಪಾರಾಗುತ್ತಿದ್ದೆ. ನಿಜವಾಗಿ ತಿಳಿಯದೆ ಕೇಳಿದ ಪ್ರಶ್ನೆಯಂತೆ ಅದು ಇತ್ತು. ನಾನು ಮಾತಿಲ್ಲದೆ ಪೈಪನ್ನು ಅವರ ಬಿಂದಿಗೆಗೆ ಹಿಡಿದೆ. ಅಂಗಳದ ತುಂಬ ಹರಿದು ಚರಂಡಿ ಸೇರುತ್ತಿದ್ದ ನೀರನ್ನು ದಾಟಿಕೊಂಡು, ಸೀರೆಯ ಅಂಚನ್ನು ಎತ್ತಿ ಹಿಡಿದು, ಅವರು ಹೋದರು.

ಶಾಲೆಯಲ್ಲಿ ವರ್ಷಗಟ್ಟಲೆ ತೊಟ್ಟಿ ಮತ್ತು ನಲ್ಲಿಗಳ ಲೆಕ್ಕ ಹೇಳಿಕೊಟ್ಟವನು ನಾನು. ತೊಟ್ಟಿ ತುಂಬಲು ಎಷ್ಟು ಹೊತ್ತು, ಬರಿದಾಗಲು ಎಷ್ಟು ಹೊತ್ತು ಎಂದು ಎಷ್ಟು ಮಕ್ಕಳ ಕಿವಿ ಹಿಂಡಿದ್ದೆನೋ! ಆದರೆ ನನ್ನ ಅಂಗಳದ ಲೆಕ್ಕವನ್ನು ಮಾಡಿರಲಿಲ್ಲ. ಅಂದು ಸಂಜೆ ಮಾಡಿದೆ. 15 ಲೀಟರಿನ ಬಕೆಟ್ಟು ಆ ಪೈಪಿನಿಂದ ಒಂದು ನಿಮಿಷದಲ್ಲಿ ತುಂಬಿತು. ನಾನು ಪೈಪು ಬಿಟ್ಟುಕೊಂಡು ನಿಲ್ಲುತ್ತಿದ್ದುದು ಇಪ್ಪತ್ತು ನಿಮಿಷ. ಎಂದರೆ 300 ಲೀಟರು. ಅಜ್ಜಿಯ ಲೆಕ್ಕದಲ್ಲಿ ಇಪ್ಪತ್ತು ಬಿಂದಿಗೆ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ 55 ಲೀಟರು ನೀರು ಸಿಗಬೇಕೆಂದು ಗುರಿ ಇಟ್ಟುಕೊಂಡಿತು. ಆ ಅಳತೆಯಿಂದ ನೋಡಿದರೆ ನನ್ನ ಪದ್ಮಿನಿ ಒಂದು ಬೆಳಿಗ್ಗೆ ಕುಡಿಯುತ್ತಿದ್ದುದು ಐದು ಜನರ ದಿನದ ನೀರನ್ನು; ಅದರ ಮೇಲೆ ಇನ್ನಷ್ಟು. ಮಟಾಡೋರಿನ ಗುರು ಹೇಳಿಕೊಟ್ಟ ಕ್ರಮದಲ್ಲಿ ತೊಳೆದರೆ ಬೇಕಾಗುವುದು ಮೂರು ಬಕೆಟ್ಟು, 45 ಲೀಟರು. ಅಂದಿನಿಂದ ಮಳೆ ಬರುವ ತನಕ ನಾನು ಆ ಗಾಡಿಯ ಮೈಗೆ ನೀರು ಸೋಕಿಸಲಿಲ್ಲ. ಮಳೆ ಬಂದ ಮೇಲೂ ಪೈಪು ಅಟ್ಟದಿಂದ ಕೆಳಗಿಳಿಯಲಿಲ್ಲ.

ಇನ್ನು ಮೇಣದ ಮಾತು. ಇದು ಬರಿಯ ಶೋಕಿ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಹಳೆಯ ಕಾರುಗಳ ಬಣ್ಣಕ್ಕೆ ಮೇಲೆ ರಕ್ಷೆ ಇರುತ್ತಿರಲಿಲ್ಲ; ಬಿಸಿಲಿಗೆ ಮಂಕಾಗಿ, ಒರೆಸಿದರೆ ಬಟ್ಟೆಗೇ ಬಣ್ಣ ಹತ್ತುತ್ತಿತ್ತು. ಈಗಿನ ಕಾರುಗಳಿಗೆ ಬಣ್ಣದ ಮೇಲೊಂದು ಪಾರದರ್ಶಕ ಪದರವಿರುತ್ತದೆ. ಆದರೂ ಹಕ್ಕಿಯ ಹಿಕ್ಕೆಯನ್ನು ಎರಡು ದಿನ ಬಿಟ್ಟರೆ ಅದೂ ಸುಟ್ಟುಹೋಗುತ್ತದೆ. ಇವುಗಳಿಂದ ಕಾಯುವುದಕ್ಕೆ ಮೇಣ. ಅದರ ಡಬ್ಬಿಯ ಮೇಲೆ ಕಾರ್ನೌಬಾ ಎಂಬ ಹೆಸರನ್ನು ತಾವು ನೋಡಿರಬಹುದು. ಅದು ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ತಾಳೆಯ ಜಾತಿಯ ಮರ. ಆ ಸೀಮೆಯೂ ನಮ್ಮಂತೆ ಬರದ ಸೀಮೆ. ಒಳಗಿನ ನೀರು ಬಿಸಿಲಿಗೆ ಆರಿಹೋಗದಂತೆ ಮರ ತನ್ನ ಗರಿಗಳ ಮೇಲೆ ಮೇಣವನ್ನು ಸ್ರವಿಸಿಕೊಳ್ಳುತ್ತದೆ. ಜನ ಆ ಗರಿಗಳನ್ನು ಕತ್ತರಿಸಿ, ಒಣಗಿಸಿ, ಬಡಿದು, ಉದುರಿದ ಪುಡಿಯನ್ನು ಕರಗಿಸಿ ಮೇಣ ಮಾಡುತ್ತಾರೆ. ಜೇನುಮೇಣ 62 ಡಿಗ್ರಿಯ ಆಸುಪಾಸಿನಲ್ಲೇ ಕರಗಿದರೆ, ಇದು ಕರಗಲು 80 ಡಿಗ್ರಿಗೂ ಹೆಚ್ಚಿನ ಶಾಖ ಬೇಕು; ಕಾದ ತಗಡಿನ ಮೇಲೂ ನಿಲ್ಲುತ್ತದೆ. ಒಂದು ಮರ ತನ್ನ ಪಾಲಿನ ಹನಿ ನೀರನ್ನು ಉಳಿಸಿಕೊಳ್ಳಲು ನೇಯ್ದ ಹೊದಿಕೆಯನ್ನು ನಾವು ಕಿತ್ತು ತಂದು ಕಾರಿಗೆ ಹಚ್ಚಿ, ಆಮೇಲೆ ಆ ಕಾರಿನ ಮೇಲೆ ಬಿಂದಿಗೆಗಟ್ಟಲೆ ನೀರು ಸುರಿಯುತ್ತೇವೆ ಎಂದರೆ, ಆ ಮರಕ್ಕೆ ನಾವು ಏನು ಉತ್ತರ ಹೇಳಬೇಕು?

ಆದರೆ ಸರಿಯಾಗಿ ಬಳಸಿದರೆ ಈ ಮೇಣ ನೀರನ್ನು ಉಳಿಸುತ್ತದೆ. ನೆರಳಿನಲ್ಲಿ, ಹಪ್ಪಳಕ್ಕೆ ಎಣ್ಣೆ ಸವರುವಷ್ಟೇ ತೆಳ್ಳಗೆ ಹಚ್ಚಿ, ಮಂಜುಮಂಜಾಗಿ ಆರಿದ ಮೇಲೆ ಮೆದುಬಟ್ಟೆಯಿಂದ ಒರೆಸಿದರೆ ಸಾಕು. ದಪ್ಪನಾಗಿ ಬಳಿದರೆ ಒರೆಸಿ ತೆಗೆಯುವ ದುಡಿಮೆ ಹೆಚ್ಚೇ ಹೊರತು ಫಲ ಹೆಚ್ಚಲ್ಲ. ಆಮೇಲೆ ನೀರು ಹಾಕಿದರೆ ಅದು ಮೈಗೆ ಹತ್ತುವುದಿಲ್ಲ. ಮುತ್ತುಮುತ್ತಾಗಿ ನಿಂತು ಉರುಳಿಹೋಗುತ್ತದೆ. ತಾವರೆಯೆಲೆಯ ಮೇಲಿನ ನೀರಿನ ಉಪಮೆಯನ್ನು ನಮ್ಮ ಕವಿಗಳೂ ಸಂತರೂ ನಿರ್ಲಿಪ್ತತೆಗೆ ಬಳಸಿದರು. 1997ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಬಾರ್ತ್‌ಲಾಟ್ ಮತ್ತು ಅವರ ಸಂಗಡಿಗರು, ಆ ಎಲೆಯ ಮೇಲಿನ ಸೂಕ್ಷ್ಮವಾದ ಉಬ್ಬುಗಳೂ ಅವುಗಳ ಮೇಲಿನ ಮೇಣವೂ ಸೇರಿ, ಉರುಳುವ ಹನಿಯೇ ಧೂಳನ್ನೂ ಹೊತ್ತೊಯ್ಯುವಂತೆ ಮಾಡುತ್ತವೆ ಎಂದು ವಿವರಿಸಿದರು. ನುಣುಪಾದ ತಗಡಿಗೆ ಎಲೆಯ ಪೂರ್ಣ ಸಿದ್ಧಿ ಬರಲಾರದು. ಆದರೂ ಮೇಣ ಹಚ್ಚಿದ ಮೈಗೆ ಕೊಳೆ ಅಷ್ಟಾಗಿ ಕಚ್ಚುವುದಿಲ್ಲ, ಮುಂದಿನ ಸಲ ತೊಳೆಯಲು ಒಂದು ಬಕೆಟ್ಟು ಕಡಿಮೆ ಸಾಕು. ಮೊದಲ ಸಲ ಮೇಣ ಹಚ್ಚಿದ ಪದ್ಮಿನಿಯ ಮೇಲೆ ಮಳೆಹನಿ ಉರುಳಿದ್ದನ್ನು ನೋಡಿದಾಗ, ಆ ಹೆಸರಿಟ್ಟವರ ಬಾಯಿಗೆ ಸಕ್ಕರೆ ಹಾಕಬೇಕೆನಿಸಿತು.

2024ರ ಮಾರ್ಚಿಯಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಕೆಲವೇ ದಿನಗಳಲ್ಲಿ 22 ಮನೆಗಳವರಿಂದ 1.1 ಲಕ್ಷ ರೂಪಾಯಿ ವಸೂಲಾಯಿತೆಂದು ಪತ್ರಿಕೆಗಳಲ್ಲಿ ಓದಿದೆ. ದಂಡ ಬೇಕಾದದ್ದೇ. ಆದರೆ ನನಗೆ ತಗುಲಿದ ದಂಡ ಅದಕ್ಕಿಂತ ದೊಡ್ಡದು. ಅದರ ರಸೀತಿ ಇನ್ನೂ ನನ್ನ ಬಳಿ ಇದೆ.

2003ರ ಆ ಬೇಸಗೆಯಲ್ಲಿಯೇ, ಒಂದು ತಿಂಗಳ ಮೇಲೆ, ನಡುರಾತ್ರಿ ಬಾಗಿಲು ಬಡಿದ ಸದ್ದಾಯಿತು. ಅಜ್ಜಿಯ ಮೊಮ್ಮಗಳಿಗೆ ಹೆರಿಗೆಯ ನೋವು. ಗುಬ್ಬಿಯ ಆಸ್ಪತ್ರೆಗೆ ಹೋಗಬೇಕು. ವಾರಗಟ್ಟಲೆ ತೊಳೆಯದ ಪದ್ಮಿನಿ ಧೂಳಿನ ಗುಡ್ಡೆಯಂತೆ ನಿಂತಿತ್ತು. ಮುಂದಿನ ಗಾಜು ಕೂಡ ಕಾಣದು. ನಾನು ನಾಚಿಕೆಯಿಂದ ನೀರು ತರಲೆಂದು ಒಳಕ್ಕೆ ತಿರುಗಿದೆ. ಅಜ್ಜಿ ತಡೆದರು. ಸೆರಗಿನ ತುದಿಯಿಂದ ಗಾಜಿನ ಮೇಲೆ ಅಂಗೈಯಗಲದ ಎರಡು ಕಡೆ ಒರೆಸಿದರು.

"ದಾರಿ ಕಂಡ್ರೆ ಸಾಕು, ನಡೀರಿ ಮೇಷ್ಟ್ರೇ," ಎಂದರು.

ಗುರುವಿನ ಮೊದಲ ಪಾಠದ ಪ್ರಕಾರ ಅದು ತಪ್ಪು. ಒಣಬಟ್ಟೆಯಿಂದ ಧೂಳನ್ನು ಒರೆಸಬಾರದು. ಗಾಜಿನ ಮೇಲೆ ಆ ರಾತ್ರಿ ಎರಡು ಸಣ್ಣ ಗೀರುಗಳು ಬಿದ್ದವು. ಬೆಳಗಿನ ಜಾವಕ್ಕೆ ಹೆಣ್ಣು ಮಗು ಹುಟ್ಟಿತು. ಆ ಪದ್ಮಿನಿ ಈಗ ನನ್ನ ಬಳಿ ಇಲ್ಲ; ಇರುವವರೆಗೂ, ಎದುರು ಬಿಸಿಲು ಬಿದ್ದಾಗಲೆಲ್ಲ ಆ ಎರಡು ಗೀರುಗಳು ಹೊಳೆಯುತ್ತಿದ್ದವು. ಅವುಗಳನ್ನು ಮೇಣದಿಂದ ಮುಚ್ಚಬೇಕೆಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ. ಈಗಿರುವ ಪುಟ್ಟ ಕಾರನ್ನು ಹದಿನೈದು ದಿನಕ್ಕೊಮ್ಮೆ ಮೂರು ಬಕೆಟ್ಟಿನಲ್ಲಿ ತೊಳೆಯುತ್ತೇನೆ. ತೊಳೆಯುವುದು ಅಂಗಳದ ಎತ್ತರದಲ್ಲಿ. ತಗ್ಗಿನಲ್ಲಿ ಒಂದು ಹಲಸಿನ ಗಿಡವಿದೆ, ಮೊದಲ ಧೂಳಿನ ನೀರು ಅದರ ಪಾತಿಗೆ ಹೋಗುತ್ತದೆ. ಅದು ಕಾಯಿ ಬಿಟ್ಟ ಮೇಲೆ ಕಾರನ್ನು ಎಲ್ಲಿ ನಿಲ್ಲಿಸಬೇಕೆಂಬುದಷ್ಟೇ ಇನ್ನು ಉಳಿದಿರುವ ಚಿಂತೆ.