ಪೆನ್ಸಿಲ್ ಕಡ್ಡಿಯಿಂದ ಕಾರ್ಖಾನೆಗೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಬಗ್ಗೆ ಮಾತಾಡಿ ಎಂದು ಸಮಿತಿಯವರು ಹೇಳಿದ್ದರು. ಕ್ಷಮಿಸಿ, ನಾನು ಈ ಮಕ್ಕಳ ಕಂಪಾಸ್ ಬಾಕ್ಸಿನಲ್ಲಿರುವ ಪೆನ್ಸಿಲ್ ಬಗ್ಗೆ ಮಾತಾಡುತ್ತೇನೆ. ಅದರ ಕಡ್ಡಿಯಲ್ಲಿರುವುದು ಗ್ರಾಫೈಟ್, ಅಂದರೆ ಇಂಗಾಲ. ಪುಸ್ತಕದ ಹಾಳೆಗಳಂತೆ ಪದರದ ಮೇಲೆ ಪದರ. ಒಂದು ಮಿಲಿಮೀಟರ್ ಗ್ರಾಫೈಟಿನಲ್ಲಿ ಸುಮಾರು 30 ಲಕ್ಷ! ಅದರಲ್ಲಿ ಒಂದೇ ಹಾಳೆ ಬಿಡಿಸಿದರೆ ಅದೇ ಗ್ರಾಫೀನ್.

2004ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಆಂಡ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಗ್ರಾಫೈಟಿಗೆ ಗಮ್ ಟೇಪ್ ಅಂಟಿಸಿ, ಮತ್ತೆ ಮತ್ತೆ ಕಿತ್ತು ಆ ಒಂದು ಪದರವನ್ನು ಹಿಡಿದರು. 2010ರಲ್ಲಿ ಅವರಿಗೆ ನೊಬೆಲ್ ಬಂತು.

ಟೇಪಿನಿಂದ ಸಿಗುವುದು ಚಿಟಿಕೆಯೂ ಅಲ್ಲ. ಕಾರ್ಖಾನೆಗೆ ಬೇಕಾದದ್ದು ಟನ್ ಲೆಕ್ಕದಲ್ಲಿ. ಹಾಗಾಗಿ ಕಂಪನಿಗಳು ಎರಡು ದಾರಿ ಹಿಡಿದವು. ಸ್ಪೇನಿನ ಗ್ರಾಫೀನಿಯಾದಂಥವು ತಾಮ್ರದ ಹಾಳೆಯನ್ನು ಕುಲುಮೆಯಲ್ಲಿ ಕಾಯಿಸಿ, ಮೀಥೇನ್ ಅನಿಲ ಹಾಯಿಸಿ, ಅದರ ಮೇಲೆ ಗ್ರಾಫೀನ್ ಬೆಳೆಸುತ್ತವೆ. ಇದು ಸೆನ್ಸರ್, ಎಲೆಕ್ಟ್ರಾನಿಕ್ಸ್ ಸಂಶೋಧನೆಗೆ ಹೋಗುತ್ತದೆ. ಇನ್ನು ಕೆಲವು ಗ್ರಾಫೈಟನ್ನೇ ತೆಳುವಾಗಿ ಬಿಡಿಸಿ ಪುಡಿ ಮಾಡುತ್ತವೆ. ಅಮೆರಿಕದ ಫೋರ್ಡ್ 2018ರಲ್ಲಿ ಇಂಥ ಪುಡಿಯನ್ನು ಕಾರಿನ ಎಂಜಿನ್ ಭಾಗಗಳ ಫೋಮಿಗೆ ಬೆರೆಸತೊಡಗಿತು. ಬೆರೆಸಿದ್ದು ಶೇ. 0.5ಕ್ಕಿಂತ ಕಡಿಮೆ, ಸದ್ದು ಶೇ. 17ರಷ್ಟು ತಗ್ಗಿತೆಂದು ಕಂಪನಿ ಹೇಳಿತು. ನಮ್ಮ ಟಾಟಾ ಸ್ಟೀಲ್ ಕೂಡ ಗ್ರಾಫೀನ್ ತಯಾರಿಸುತ್ತಿದೆ.

ಅದೇ 2018ರಲ್ಲಿ ಇನ್ನೊಂದು ಸುದ್ದಿ ಬಂತು. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ವಿಜ್ಞಾನಿಗಳು 60 ಕಂಪನಿಗಳ ಗ್ರಾಫೀನ್ ಪುಡಿಯನ್ನು ತರಿಸಿ ಪರೀಕ್ಷಿಸಿದರು. ಹತ್ತು ಪದರದವರೆಗಿನ ಚೂರನ್ನೂ ಗ್ರಾಫೀನ್ ಎಂದೇ ಲೆಕ್ಕ ಹಿಡಿದರು. ಆದರೂ ಹೆಚ್ಚಿನವುಗಳಲ್ಲಿ ಅದು ಶೇ. 10ನ್ನೂ ಮುಟ್ಟಲಿಲ್ಲ. ಉಳಿದದ್ದು ಬಹುಪಾಲು ನಮ್ಮ ಪೆನ್ಸಿಲ್ಲಿನ ಗ್ರಾಫೈಟೇ! ಚೀಲದ ಮೇಲಿನ ಹೆಸರು ನಂಬಿ ಬಿತ್ತನೆ ಬೀಜ ತಂದು ಕೈಸುಟ್ಟುಕೊಂಡ ನಮ್ಮ ರೈತರಿಗೆ ಇದು ಹೊಸ ಕತೆಯಲ್ಲ. ಆ ಪುಡಿ ಬೆರೆಸಿದ ಬ್ಯಾಟರಿಯೋ ಬಣ್ಣವೋ ಕೈಕೊಟ್ಟರೆ, 'ಗ್ರಾಫೀನೇ ಸುಳ್ಳು' ಎನ್ನುತ್ತಾರೆ ಜನ. ಕೆಲವರ ಕಲಬೆರಕೆಯಿಂದ ನಿಜವಾದ ವಿಜ್ಞಾನಕ್ಕೂ ಕೆಟ್ಟ ಹೆಸರು.

ಇದನ್ನು ಓದಿದಾಗ ನನಗೆ ನೆನಪಾದದ್ದು ಈ ಶಾಲೆಯ ಪ್ರಯೋಗಾಲಯ. ಒಂಬತ್ತನೇ ತರಗತಿಯಲ್ಲಿ ಲೋಲಕದ ಪ್ರಯೋಗ ಮಾಡದೆ ಗೆಳೆಯನ ಅಂಕಿಗಳನ್ನು ರೆಕಾರ್ಡಿನಲ್ಲಿ ಬರೆದುಕೊಂಡಿದ್ದೆ. ವಿಜ್ಞಾನದ ಮೇಷ್ಟ್ರು ಬೈಯಲಿಲ್ಲ. "ನೀನು ಎಣಿಸಿದ್ಯೇನೋ?" ಎಂದಷ್ಟೇ ಕೇಳಿದರು. ಸಂಜೆ ಬೆಲ್ ಹೊಡೆದ ಮೇಲೂ ಪಕ್ಕದಲ್ಲಿ ನಿಂತು ಇಪ್ಪತ್ತು ಆಂದೋಲನ ಎಣಿಸಿಸಿದರು. ನನ್ನ ಅಂಕಿ ಗೆಳೆಯನದಕ್ಕಿಂತ ಬೇರೆಯೇ ಬಂತು! ಇವತ್ತಿಗೂ ಪರೀಕ್ಷಿಸದ ಪ್ರೋಗ್ರಾಮನ್ನು 'ಸರಿಯಿದೆ' ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ನಮ್ಮ ಬ್ಯಾಚಿನವರು ಪ್ರಯೋಗಾಲಯಕ್ಕೆ ಒಂದು ಸೂಕ್ಷ್ಮದರ್ಶಕ, ಎರಡು ತಕ್ಕಡಿ ಕೊಡುತ್ತಿದ್ದೇವೆ. ಶಿಕ್ಷಕರಲ್ಲಿ ಒಂದೇ ವಿನಂತಿ: ದಯವಿಟ್ಟು ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಮಕ್ಕಳು ಮುಟ್ಟಲಿ, ಅಳೆಯಲಿ. ಕೆಟ್ಟರೆ ರಿಪೇರಿ ಮಾಡಿಸುವ ಹೊಣೆ ನಮ್ಮದು.